ಅಕ್ಕೋರ ಅಂಚೆ: ಬೆಳಕಿಗೆ ‘ಅಪವರ್ತನ’ ಆಯಿತಂತೆ!

ಈ ಸಲ ಅಂಚೆ ಬಿಚ್ಚಿದರೆ ಅರ್ಧಕ್ಕರ್ಧ ಪತ್ರ ಎಐ ಬಗ್ಗೆಯೇ ಇವೆ. ‘ಕೃತಕ ಬುದ್ಧಿಮತ್ತೆ’ ಅಂತ ಬರೆದವರು ಇಬ್ಬರೇ. ಉಳಿದವರೆಲ್ಲ ಎಐ ಅಂದಿದ್ದಾರೆ, ನಾನೂ ಹಾಗೇ ಅನ್ನುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಓದಿದವಳಲ್ಲ. ಗದಗ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ 26 ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಎರಡು ವರ್ಷದಿಂದ ನನ್ನ ಫೋನಿನಲ್ಲಿ ಎಐ ಇದೆ. ಕೆಲವು ಸಲ ಖುಷಿಯಾಗಿದೆ, ಒಮ್ಮೆ ನಾಚಿಕೆಯಿಂದ ತಲೆ ತಗ್ಗಿಸಿದ್ದೇನೆ. ಎರಡನ್ನೂ ಬರೆಯುತ್ತೇನೆ. ಮೊದಲು ಪತ್ರ, ಅದರ ಕೆಳಗೆ ನನ್ನ ಉತ್ತರ.

ನಾನು 9ನೇ ತರಗತಿಗೆ ವಿಜ್ಞಾನ ಹೇಳುತ್ತೇನೆ. ಒಂದೇ ಕೋಣೆಯಲ್ಲಿ 40 ಮಕ್ಕಳು. ಕೆಲವರಿಗೆ ಪಠ್ಯದ ಒಂದು ಪ್ಯಾರಾ ಓದುವುದೇ ಕಷ್ಟ. ಕೆಲವರು ನಾನು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಲೆಕ್ಕ ಮುಗಿಸಿ ಕಿಟಕಿ ನೋಡುತ್ತಾ ಕೂತಿರುತ್ತಾರೆ. ಎಐನಿಂದ ಏನಾದರೂ ಉಪಯೋಗ ಆದೀತೇ? ಕನ್ನಡದಲ್ಲಿ ಕೇಳಿದರೆ ಬರುವ ಉತ್ತರ ವಿಚಿತ್ರವಾಗಿರುತ್ತದೆ.
— ವಿಜ್ಞಾನ ಶಿಕ್ಷಕಿ, ಹಾನಗಲ್ ತಾಲೂಕು

ಆಗುತ್ತದೆ. ಆದರೆ ಆ ವಿಚಿತ್ರ ಉತ್ತರದ ಕಥೆಯನ್ನು ಮೊದಲು ಮುಗಿಸೋಣ.

ನಾನು ಮೊದಲ ಸಲ ಒಂದು ಎಐ ಆ್ಯಪಿಗೆ ‘ಬೆಳಕು’ ಪಾಠದ ಟಿಪ್ಪಣಿ ಬರೆದುಕೊಡು ಅಂದೆ. ಅರ್ಧ ನಿಮಿಷದಲ್ಲಿ ಒಂದೂವರೆ ಪುಟ ಬಂತು. ಅಕ್ಷರ ಚೆಂದ, ವಾಕ್ಯ ಚೆಂದ. ನಾನು ಚಹಾ ಕುಡಿಯುತ್ತಾ ಓದುತ್ತಿದ್ದೆ. ಮೂರನೇ ಸಾಲಿನಲ್ಲಿ ‘ಬೆಳಕಿನ ಅಪವರ್ತನ’ ಅಂತಿತ್ತು. ಚಹಾ ಅಲ್ಲೇ ಉಳಿಯಿತು! ನಮ್ಮ ಪುಸ್ತಕದಲ್ಲಿ ಬೆಳಕಿಗೆ ಆಗುವುದು ವಕ್ರೀಭವನ, ಅಂದರೆ ಗಾಳಿಯಿಂದ ನೀರಿಗೋ ಗಾಜಿಗೋ ಹೋಗುವಾಗ ಬಾಗುವುದು. ಅಪವರ್ತನ ಅಂದರೆ ಗಣಿತದ ಮಾತು, 12ರ ಅಪವರ್ತನಗಳನ್ನು ಬರೆಯಿರಿ ಅಂತೀವಲ್ಲ, ಅದು. ಹಿಂದಿ ಪುಸ್ತಕದಲ್ಲಿ ವಕ್ರೀಭವನಕ್ಕೆ ‘ಅಪವರ್ತನ್’ ಅಂತಾರೆ. ಆ ಪದ ಹಾಗೇ ಕನ್ನಡ ಲಿಪಿ ಹಾಕಿಕೊಂಡು ನಮ್ಮ ಮನೆಗೆ ಬಂದಿತ್ತು.

ನೀವು 9ನೇ ತರಗತಿ ಅಂದಿರಿ, ಹಾಗಾಗಿ ‘ಚಲನೆ’ ಪಾಠದಲ್ಲಿ ಇನ್ನೂ ಹುಷಾರಾಗಿರಿ. ನಮ್ಮ ಪುಸ್ತಕದಲ್ಲಿ ಜವ ಬೇರೆ, ವೇಗ ಬೇರೆ. ವೇಗಕ್ಕೆ ದಿಕ್ಕು ಉಂಟು, ಜವಕ್ಕೆ ಇಲ್ಲ. ಎಐ ಎರಡಕ್ಕೂ ‘ವೇಗ’ ಅಂದುಬಿಡುತ್ತದೆ. ವೇಗ ಬದಲಾಗುವ ದರಕ್ಕೆ ನಾವು ವೇಗೋತ್ಕರ್ಷ ಅಂತೀವಿ, ಅದು ‘ತ್ವರಣ’ ಅನ್ನುತ್ತದೆ, ಅದೂ ಹಿಂದಿ ಪುಸ್ತಕದ್ದೇ. ಜವ, ವೇಗ ಎರಡೂ ಒಂದೇ ಅಂತ ಮಕ್ಕಳ ತಲೆಯಲ್ಲಿ ಒಮ್ಮೆ ಕೂತರೆ ಮುಂದಿನ ಎರಡು ವಾರ ಅದನ್ನು ಕೀಳುವುದೇ ನಮಗೆ ಕೆಲಸ.

ಇದು ಯಾಕೆ ಹೀಗೆ ಅಂದರೆ, ಈ ಯಂತ್ರ ಪಾಠ ಅರ್ಥ ಮಾಡಿಕೊಂಡು ಬರೆಯುವುದಿಲ್ಲ. ತಾನು ಓದಿದ ರಾಶಿ ರಾಶಿ ಬರಹದ ಲೆಕ್ಕದ ಮೇಲೆ, ಈ ಪದದ ಮುಂದೆ ಯಾವ ಪದ ಬರಬಹುದು ಅಂತ ಅಂದಾಜು ಮಾಡುತ್ತಾ ಹೋಗುತ್ತದೆ. ಓದಿದ್ದರಲ್ಲಿ ಇಂಗ್ಲಿಷ್ ಬೆಟ್ಟದಷ್ಟು, ಕನ್ನಡ ಬೊಗಸೆಯಷ್ಟು. ಜೊತೆಗೆ ಪದಗಳನ್ನು ತುಂಡು ತುಂಡು ಮಾಡಿ ನುಂಗುತ್ತದೆ. ಅದೇ ಅರ್ಥದ ಇಂಗ್ಲಿಷ್ ವಾಕ್ಯಕ್ಕಿಂತ ಕನ್ನಡ ವಾಕ್ಯ ಜಾಸ್ತಿ ತುಂಡಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಬರೀ ‘ಚಲನೆ ಪಾಠ ಹೇಳು’ ಅನ್ನಬೇಡಿ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಅದರ ಪುಟವನ್ನೋ, ಪುಸ್ತಕದ ಫೋಟೊವನ್ನೋ ಹಾಕಿ, ಕೆಳಗೆ ಹೀಗೆ ಬರೆಯಿರಿ: ‘ಇದು ಕರ್ನಾಟಕದ 9ನೇ ತರಗತಿ ಪುಸ್ತಕದ ಪುಟ. ಪಾರಿಭಾಷಿಕ ಪದ ಈ ಪುಟದಲ್ಲಿ ಇರುವುದೇ ಬೇಕು. ಮೊದಲು ಐದೈದು ಪದದ ಸಣ್ಣ ವಾಕ್ಯದಲ್ಲಿ ಇದನ್ನು ತಿರುಗಿಸಿ ಬರೆ. ಆಮೇಲೆ ಎರಡು ಸುಲಭದ, ಎರಡು ನಡುವಿನ, ಒಂದು ಕಷ್ಟದ ಲೆಕ್ಕ ಕೊಡು.’ ಮೂರು ತರದ ಮಕ್ಕಳಿಗೆ ಮೂರು ಹಾಳೆ ತಯಾರು. ನಾನು ಇದನ್ನು ರವಿವಾರ ಸಂಜೆ ಮಾಡಿಕೊಳ್ಳುತ್ತೇನೆ. ಮೊದಲು ಮೂರು ತಾಸು ಹಿಡಿಯುತ್ತಿತ್ತು, ಈಗ ತಿದ್ದುವುದೂ ಸೇರಿ ಒಂದು ತಾಸು.

ತಿದ್ದುವುದು ಅಂದೆ ನೋಡಿ, ಅದನ್ನು ಬಿಡುವ ಹಾಗಿಲ್ಲ. ಊರಿನ ಉದಾಹರಣೆ ಇರಲಿ ಅಂತ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಮೇಲೆ ಒಂದು ಲೆಕ್ಕ ಕೇಳಿದ್ದೆ. ಕೊಟ್ಟಿತು. ಬಸ್ಸು ನಿಂತಲ್ಲಿಂದ ಹೊರಟು 5 ಸೆಕೆಂಡಿನಲ್ಲಿ ಸೆಕೆಂಡಿಗೆ 40 ಮೀಟರ್ ವೇಗ ಮುಟ್ಟುತ್ತದೆ, ವೇಗೋತ್ಕರ್ಷ ಎಷ್ಟು? ಉತ್ತರ 8, ಸೂತ್ರವೂ ಸರಿ. ನಾನು ಗಮನಿಸದೆ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಅದನ್ನು ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬದಲಿಸಿ ನೋಡಿದ. ‘ಟೀಚರ್, 144 ಬರ್ತೈತ್ರಿ. ನಮ್ಮೂರ ಬಸ್ಸು ಹಿಂಗ ಓಡಿದ್ರ ನಾವು ದಿನಾ ಪ್ರೇಯರ್‌ಗೆ ಮುಟ್ತಿದ್ವಿ!’ ಇಡೀ ಕ್ಲಾಸು ನಕ್ಕಿತು. ನಿಜ ಹೇಳಬೇಕೆಂದರೆ ಆ ವರ್ಷ ವೇಗೋತ್ಕರ್ಷ ಅಷ್ಟು ಚೆನ್ನಾಗಿ ಅರ್ಥವಾಗಿದ್ದು ಆ ತಪ್ಪು ಲೆಕ್ಕದಿಂದಲೇ.

ಇನ್ನೊಂದು ಸಣ್ಣ ಮಾತು. ಮೂರು ತರದ ಹಾಳೆ ಅಂತ 40 ಜೆರಾಕ್ಸ್ ಮಾಡಿಸಲು ಹೋಗಬೇಡಿ, ಸಂಬಳ ಸಾಲದು. ಬೋರ್ಡನ್ನು ಮೂರು ಭಾಗ ಮಾಡಿ ಬರೆಯಿರಿ.

ಎಂಟನೇ ತರಗತಿ ಮಕ್ಕಳಿಗೆ ‘ನಮ್ಮೂರ ಜಾತ್ರೆ’ ಪ್ರಬಂಧ ಮನೆಯಲ್ಲಿ ಬರೆದುಕೊಂಡು ಬನ್ನಿ ಅಂದೆ. 11 ಮಕ್ಕಳ ಪ್ರಬಂಧ ‘ಭಾರತವು ಹಬ್ಬ ಹರಿದಿನಗಳ ನಾಡು’ ಅಂತ ಶುರುವಾಗಿ, ‘ಒಟ್ಟಾರೆಯಾಗಿ ಹೇಳುವುದಾದರೆ’ ಅಂತ ಮುಗಿದಿತ್ತು. ಎಐ ಬರೆದಿದ್ದನ್ನು ಕಂಡುಹಿಡಿಯುವ ಆ್ಯಪ್ ಇದೆಯಂತೆ. ಯಾವುದು ಒಳ್ಳೆಯದು ಹೇಳುತ್ತೀರಾ?
— ಕನ್ನಡ ಶಿಕ್ಷಕ, ಶಿಗ್ಗಾಂವ ತಾಲೂಕು

ಸರ್, ಯಾವುದೂ ಬೇಡ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಅಂಥ ಒಂದು ಸಾಧನ ಬಿಟ್ಟಿತ್ತು. ಎಐ ಬರೆದ 100 ಬರಹದಲ್ಲಿ ಅದು ಸರಿಯಾಗಿ ಗುರುತಿಸಿದ್ದು 26. ಮನುಷ್ಯರೇ ಬರೆದ 100ರಲ್ಲಿ 9ನ್ನು ಎಐ ಬರೆದಿದ್ದು ಅಂತ ಹೇಳಿತು. ಅದೂ ಇಂಗ್ಲಿಷಿನಲ್ಲಿ ಮಾಡಿದ ಪರೀಕ್ಷೆ. ಅದೇ ವರ್ಷ ಜುಲೈನಲ್ಲಿ, ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅವರೇ ವಾಪಸ್ ತೆಗೆದುಕೊಂಡರು. ಮಾಡಿದವರಿಗೇ ಪತ್ತೆ ಹಚ್ಚಲು ಆಗದ್ದನ್ನು ಪುಕ್ಕಟೆ ಆ್ಯಪ್ ಹಚ್ಚುತ್ತದೆ ಅಂತ ನಂಬಿ ಮಗುವಿನ ಕಿವಿ ಹಿಂಡಬಾರದು ಅಲ್ವಾ?

ಕಿವಿ ಹಿಂಡಿದವಳು ನಾನೇ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಕೈಯಿಂದ ಅಲ್ಲ, ಮಾತಿನಿಂದ. ಹೋದ ವರ್ಷ 10ನೇ ತರಗತಿಗೆ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಪಾಠ ಆದಮೇಲೆ, ದಿನನಿತ್ಯದ ಬದುಕಿನಲ್ಲಿ ಪ್ರತ್ಯಾಮ್ಲ ಎಲ್ಲಿ ಬಳಸುತ್ತಾರೆ ಅಂತ ಒಂದು ಪುಟ ಬರೆಸಿದೆ. ಯಾವಾಗಲೂ ಎರಡು ಸಾಲಿಗೆ ಪೆನ್ನು ಇಡುವ ಒಬ್ಬ ಹುಡುಗಿ ಎರಡು ಪುಟ ಬರೆದಿದ್ದಳು. ನೂಲಿಗೆ ಬಣ್ಣ ಹಾಕುವಾಗ ವಾಷಿಂಗ್ ಸೋಡಾ ಯಾಕೆ ಹಾಕುತ್ತಾರೆ, ಹಾಕದಿದ್ದರೆ ಬಣ್ಣ ನೂಲಿಗೆ ಹಿಡಿಯದೆ ನೀರಿಗೆ ಹೇಗೆ ಬಿಡುತ್ತದೆ, ಕೈಗೆ ಜಾರಿದ ಹಾಗೆ ಯಾಕೆ ಅನಿಸುತ್ತದೆ, ಎಲ್ಲ ಇತ್ತು. ನಾನು ಎಲ್ಲರ ಎದುರಿಗೆ ‘ಇದು ಯಾವ ಆ್ಯಪ್ ಬರೆದಿದ್ದು?’ ಅಂದೆ. ಹುಡುಗಿ ಮಾತಾಡಲಿಲ್ಲ. ಪಕ್ಕದವಳು ಎದ್ದು ನಿಂತು, ‘ಟೀಚರ್, ಅವರಪ್ಪ ಬೆಟಗೇರಿಯಾಗ ನೂಲಿಗೆ ಬಣ್ಣಾ ಹಾಕ್ತಾರ್ರೀ’ ಅಂದಳು. ನನಗೆ ಬೆಟಗೇರಿ ಗೊತ್ತಿಲ್ಲವೇ? ಗದಗಿನಲ್ಲೇ ಇರುವವಳು, ಅಲ್ಲಿಯ ಮಗ್ಗದ ಸದ್ದು ಕೇಳುತ್ತಲೇ ಬೆಳೆದವಳು. ಮರುದಿನ ಅದೇ ಕ್ಲಾಸಿನಲ್ಲಿ ಎಲ್ಲರ ಎದುರಿಗೇ ತಪ್ಪಾಯಿತು ಅಂದೆ. ಆ ಹುಡುಗಿ ಮತ್ತೆ ಎರಡು ಪುಟ ಬರೆಯಲು ಜನವರಿ ಆಗಬೇಕಾಯಿತು.

ನಿಮ್ಮ 11 ಪ್ರಬಂಧದ ವಿಷಯಕ್ಕೆ ಬರುತ್ತೇನೆ. ಅವು ಎಲ್ಲಿಂದ ಬಂದವು ಅಂತ ನಿಮಗೂ ಗೊತ್ತು, ಮಕ್ಕಳಿಗೂ ಗೊತ್ತು. ಆದರೆ ನಮ್ಮ ಕಡೆಯದೂ ಒಂದಿಷ್ಟು ತಪ್ಪಿದೆ. ‘ಭಾರತವು ಹಬ್ಬ ಹರಿದಿನಗಳ ನಾಡು’ ಅನ್ನುವ ಸಾಲು ಎಐ ಹುಟ್ಟುವ ಮೊದಲೇ ಗೈಡ್ ಪುಸ್ತಕದಲ್ಲಿತ್ತು. ನಾನೂ ಅದನ್ನೇ ಬರೆದು ಹತ್ತಕ್ಕೆ ಎಂಟು ತಗೊಂಡಿದ್ದೇನೆ, ನೀವೂ ತಗೊಂಡಿರಬಹುದು. ಪ್ರಶ್ನೆಯೇ ಗೈಡಿನ ಪ್ರಶ್ನೆ, ಹಾಗಾಗಿ ಉತ್ತರವೂ ಗೈಡಿನದೇ ಬಂತು.

ಮುಂದಿನ ಸಲ ಹೀಗೆ ಕೇಳಿ. ನಿಮ್ಮೂರ ತೇರು ಎಲ್ಲಿ ತಿರುಗುವಾಗ ಜನ ಹೆದರುತ್ತಾರೆ? ತೇರಿಗೆ ಉತ್ತತ್ತಿ ಎಸೆಯುವಾಗ ನೀವು ಎಲ್ಲಿ ನಿಂತಿದ್ದಿರಿ, ಯಾರ ತಲೆಗೆ ಬಿತ್ತು? ನಿಮ್ಮವ್ವ ಬಳೆ ಅಂಗಡಿಯಲ್ಲಿ ಎಷ್ಟಕ್ಕೆ ಕೇಳಿ ಎಷ್ಟಕ್ಕೆ ತಗೊಂಡಳು? ಕ್ಲಾಸಿನಲ್ಲೇ ಕೂಡಿಸಿ, 20 ನಿಮಿಷ, ಎಂಟೇ ಸಾಲು. ಕಾಗುಣಿತ ತಪ್ಪುತ್ತದೆ, ತಪ್ಪಲಿ. ನೀವು ತಿದ್ದಬೇಕಾದ ಹುಡುಗ ಆ ಎಂಟು ಸಾಲಿನಲ್ಲಿ ಸಿಗುತ್ತಾನೆ.

ಆ 11 ಪ್ರಬಂಧ ಬಿಸಾಡಬೇಡಿ. ಒಂದನ್ನು ಬೋರ್ಡಿನ ಮೇಲೆ ಬರೆದು, ‘ಇದರಲ್ಲಿ ನಮ್ಮೂರು ಎಲ್ಲಿದೆ, ಹುಡುಕಿ’ ಅನ್ನಿ. ಯಾರನ್ನೂ ಹೆಸರು ಹಿಡಿದು ಕರೆಯಬೇಡಿ. ಅದು ಮುಗಿದ ಮೇಲೆ ಅವರೇ ಬಂದು ಹೇಳುತ್ತಾರೆ.

ಎಐ ಬಳಸಲು ನಮ್ಮ ಹಿರಿಯ ಶಿಕ್ಷಕರು ಒಲ್ಲೆ ಅನ್ನುತ್ತಾರೆ. ಪಾಠ ಯೋಜನೆಗೆ ಕಡ್ಡಾಯ ಮಾಡಿದರೆ ಹೇಗೆ?
— ಮುಖ್ಯೋಪಾಧ್ಯಾಯರು, ಮುಂಡರಗಿ ತಾಲೂಕು

ಕಡ್ಡಾಯ ಮಾಡಿದರೆ ಎಲ್ಲರೂ ಎಐನಿಂದ ಬರೆಸಿ, ಓದದೆ ಸಹಿ ಹಾಕಿ, ನಿಮ್ಮ ಟೇಬಲ್ಲಿಗೆ ತಂದಿಡುತ್ತಾರೆ. ನೀವೂ ಓದದೆ ಸಹಿ ಹಾಕುತ್ತೀರಿ. ಬೇಜಾರು ಮಾಡಿಕೊಳ್ಳಬೇಡಿ ಸರ್, ಸ್ಟಾಫ್ ರೂಮಿನ ಸತ್ಯ ಇದು.

ಬೆಂಗಳೂರಿನ ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ‘ಶಿಕ್ಷಾ ಕೋಪೈಲಟ್’ ಅಂತ ಒಂದು ಸಾಧನವನ್ನು 2023ರಿಂದ ಶಿಕ್ಷಕರ ಕೈಗೆ ಕೊಟ್ಟು ನೋಡಿದ್ದಾರೆ. ಅದು ಪಾಠ ಯೋಜನೆ ಮಾಡಿಕೊಡುವಂಥದ್ದು. ಅದರಲ್ಲೂ ಯೋಜನೆಯನ್ನು ನೋಡಿ ಬದಲಿಸಿಕೊಳ್ಳುವ ಕೆಲಸ ಶಿಕ್ಷಕರದ್ದೇ. ನಿಮ್ಮ ಹಿರಿಯರಿಗೆ ಪಾಠದಿಂದ ಶುರು ಮಾಡಬೇಡಿ. ಸುತ್ತೋಲೆಗೆ ಉತ್ತರ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯ ನೋಟಿಸು, ಶಾಲಾ ವಾರ್ಷಿಕೋತ್ಸವದ ಆಮಂತ್ರಣ, ಇವುಗಳಿಂದ ಶುರು ಮಾಡಿ. ಆ ಕೆಲಸ ಕಡಿಮೆ ಆದರೆ ಯಾರಿಗೆ ಬೇಡ?

ನಾನು ಸಮಾಜ ವಿಜ್ಞಾನ ಹೇಳುತ್ತೇನೆ. ಸ್ಮಾರ್ಟ್ ಟಿವಿ ಇದೆ, ಅದರಲ್ಲಿ ಎಐ ಹಾಕಿ ಮಕ್ಕಳ ಎದುರಿಗೇ ಪ್ರಶ್ನೆ ಕೇಳುತ್ತೇನೆ. ತಪ್ಪು ಉತ್ತರ ಬಂದರೆ ಮರ್ಯಾದೆ ಹೋಗುತ್ತದೆ ಅಂತ ಹೆದರಿಕೆ.
— ಶಿಕ್ಷಕ, ನರಗುಂದ

ನಿಮ್ಮ ಮರ್ಯಾದೆ ಯಾಕೆ ಹೋಗುತ್ತದೆ? ತಪ್ಪು ಮಾಡಿದ್ದು ಅದು. ನಮ್ಮ ಶಾಲೆಯ ಸಮಾಜ ವಿಜ್ಞಾನದ ಸರ್ ರಜೆ ಇದ್ದಾಗ ನಾನು ಅವರ ಪಿರಿಯಡ್ ಹಿಡಿದಿದ್ದೆ. ಸುಮ್ನೆ ಕೂಡಿಸುವುದು ಬೇಡ ಅಂತ ಫೋನ್ ತೆಗೆದು, ನಮ್ಮ ರಾಜ್ಯದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಲ್ಲಿ ಶುರುವಾಯಿತು ಅಂತ ಕೇಳಿದೆ. ಯಾವುದೋ ಬೇರೆ ರಾಜ್ಯದ ಊರು ಹೇಳಿತು. ಮಕ್ಕಳು ‘ಅಲ್ರೀ!’ ಅಂತ ಕೂಗಿದರು. ನಮ್ಮ ಮಕ್ಕಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಶುರು ಮಾಡಿದ್ದು. ಸಹಕಾರ ಸಂಘಗಳ ಕಾನೂನು ಬಂದ ಮರುವರ್ಷವೇ. ಕ್ಲಾಸಿನಲ್ಲಿ ಇಬ್ಬರು ಕಣಗಿನಹಾಳದವರೇ ಇದ್ದರು.

ಆಮೇಲೆ ಮಜಾ ಶುರುವಾಯಿತು. ‘ತಪ್ಪು, ಗದಗ ಜಿಲ್ಲೆ ಕಣಗಿನಹಾಳ’ ಅಂತ ಬರೆದೆ. ‘ಕ್ಷಮಿಸಿ, ನೀವು ಹೇಳಿದ್ದು ಸರಿ’ ಅಂತು. ಒಬ್ಬ ಹುಡುಗ, ‘ಟೀಚರ್, ಈಗ ಅಣ್ಣಿಗೇರಿ ಅನ್ರೀ’ ಅಂದ. ಬರೆದೆ. ಅದಕ್ಕೂ ‘ಕ್ಷಮಿಸಿ, ನೀವು ಹೇಳಿದ್ದು ಸರಿ’! ಒಬ್ಬಳು ಹುಡುಗಿ ಹೇಳಿದಳು: ‘ಇದು ಬೆತ್ತ ಕಂಡ ಹುಡುಗನಂಗ ಐತ್ರಿ. ಏನ್ ಕೇಳಿದ್ರೂ ಹೌದು ಅಂತೈತಿ.’ ನಾನು ಅರ್ಧ ಗಂಟೆ ಭಾಷಣ ಮಾಡಿದ್ದರೂ ಅಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಹಾಗಾಗಿ ತಿಂಗಳಿಗೆ ಒಂದು ಪಿರಿಯಡ್ ತಪ್ಪು ಹುಡುಕುವುದಕ್ಕೇ ಇಡಿ. ಪ್ರಶ್ನೆ ನಿಮ್ಮ ಊರಿನದೇ ಇರಲಿ. ನರಗುಂದದ ಬಂಡಾಯದ ಬಗ್ಗೆ ಕೇಳಿ. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದದ್ದು ಒಂದು, 1980ರ ರೈತರದ್ದು ಇನ್ನೊಂದು. ಎರಡನ್ನೂ ಕಲಸುತ್ತದೆಯೋ ಇಲ್ಲವೋ ಮಕ್ಕಳೇ ನೋಡಲಿ. ಒಂದು ಕೈಯಲ್ಲಿ ಪಠ್ಯಪುಸ್ತಕ ಇರಲಿ. ಮನೆಯ ಅಜ್ಜನನ್ನೂ ಕೇಳಿಕೊಂಡು ಬರಲಿ, 1980 ಅಂದರೆ ಕಂಡವರು ಇನ್ನೂ ಇದ್ದಾರೆ. ಎಐ ಸರಿಯಾಗಿ ಹೇಳಿದರೆ ಅದಕ್ಕೂ ಒಂದು ಚಪ್ಪಾಳೆ ಹೊಡೆಸಿ. ನಾವು ಹೊಡೆಸುತ್ತೇವೆ.

ಮಗಳು ಐದನೇ ತರಗತಿ, ಇಂಗ್ಲಿಷ್ ಮೀಡಿಯಂ. ಟೀಚರ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ವರ್ಕ್‌ಶೀಟೆಲ್ಲ ಎಐ ಮಾಡಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ. ಈಗ ಮಗುವಿನ ಫೋಟೊ, ದನಿ ಎಲ್ಲ ಒಂದು ಆ್ಯಪಿಗೆ ಹಾಕಿ ಅಂತಿದ್ದಾರೆ. ನಾವು ಫೀಸು ಕಟ್ಟುವುದು ಟೀಚರಿಗೋ, ಆ್ಯಪಿಗೋ?
— ಪಾಲಕರು, ಹುಬ್ಬಳ್ಳಿ

ಎರಡು ಬೇರೆ ಬೇರೆ ವಿಷಯ, ಎರಡಕ್ಕೂ ಒಂದೇ ಸಿಟ್ಟು ಬೇಡ.

ವರ್ಕ್‌ಶೀಟ್ ಎಐ ಮಾಡಿದ್ದಾದರೆ ಏನಾಯಿತು? ಮೊದಲೂ ಟೀಚರ್ ಯಾವುದೋ ಪುಸ್ತಕದಿಂದಲೇ ತೆಗೆಯುತ್ತಿದ್ದರು. ಮಗಳು ಮಾಡಿದ ಮೇಲೆ ಅದನ್ನು ಯಾರು ನೋಡುತ್ತಾರೆ ಅಂತ ಕೇಳಿ. ಟೀಚರ್ ಕೂತು ಓದಿ, ‘ಇಲ್ಲಿ ದಶಕ ತಗೊಳ್ಳುವುದನ್ನು ಮರೆತಿದ್ದೀಯ’ ಅಂತ ಬರೆದಿದ್ದರೆ ನಿಮ್ಮ ಫೀಸು ಟೀಚರಿಗೇ ಹೋಗಿದೆ. ಬರೀ ಟಿಕ್ ಹಾಕಿ ಸ್ಟಾರ್ ಅಂಟಿಸಿದ್ದರೆ ಶಾಲೆಗೆ ಹೋಗಿ ಕೂತು ಮಾತಾಡಿ. ಐದನೇ ತರಗತಿಯ ಕಳೆಯುವ ಲೆಕ್ಕದಲ್ಲಿ ಮಗು ಎಲ್ಲಿ ಎಡವಿತು ಅಂತ ನೋಡುವುದೇ ಟೀಚರ್ ಕೆಲಸ. ಎಡವಿದ ಜಾಗ ಎಷ್ಟೋ ಸಲ ಉತ್ತರದಲ್ಲಿ ಇರುವುದಿಲ್ಲ, ಅಳಿಸಿದ ರಬ್ಬರಿನ ಗುರುತಿನಲ್ಲಿ ಇರುತ್ತದೆ.

ಫೋಟೊ, ದನಿಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. 2023ರಲ್ಲಿ ಸಂಸತ್ತು ಮಾಡಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಚಾಟ್‌ಜಿಪಿಟಿಯ ನಿಯಮದಲ್ಲೂ 13 ತುಂಬದವರು ಬಳಸುವ ಹಾಗಿಲ್ಲ, 18ರ ಒಳಗಿನವರಿಗೆ ಪಾಲಕರ ಅನುಮತಿ ಬೇಕು. ಶಾಲೆಗೆ ಒಂದು ಪತ್ರ ಬರೆಯಿರಿ: ಯಾವ ಆ್ಯಪ್, ಏನೇನು ಹಾಕುತ್ತೀರಿ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಬೇಡ ಅಂದರೆ ಅಳಿಸುತ್ತಾರೋ? ಉತ್ತರ ಬರುವವರೆಗೆ ಹಾಕಬೇಡಿ. ಶಿಕ್ಷಕರಿಗೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳ ಉತ್ತರ ಪತ್ರಿಕೆಯ ಫೋಟೊ ಎಐಗೆ ಹಾಕುವಾಗ ಮೇಲಿನ ಹೆಸರು, ನೋಂದಣಿ ಸಂಖ್ಯೆಯ ಮೇಲೆ ಒಂದು ಚೀಟಿ ಇಟ್ಟು ಫೋಟೊ ತೆಗೆಯಿರಿ. ನಾನು ಬಸ್ ಟಿಕೆಟ್ ಇಡುತ್ತೇನೆ, ಪರ್ಸಿನಲ್ಲಿ ಯಾವಾಗಲೂ ಇರುತ್ತದೆ.

ಟೀಚರ್, ನಾನು 9ನೇ ಕ್ಲಾಸು. ಗಣಿತದ ಹೋಮ್‌ವರ್ಕ್ ಎಐ ಕೇಳಿ ಮಾಡಿದರೆ ತಪ್ಪಾ? ಅಪ್ಪನ ಫೋನ್ ರಾತ್ರಿ ಒಂಬತ್ತಕ್ಕೆ ಸಿಗುತ್ತದೆ. ಬಹುಪದೋಕ್ತಿ ಅಭ್ಯಾಸದ 4ನೇ ಲೆಕ್ಕ ನನಗೆ ಬರುತ್ತಲೇ ಇಲ್ಲ.
— ವಿದ್ಯಾರ್ಥಿನಿ, ರಾಣೆಬೆನ್ನೂರು

ನೋಡವ್ವ, ಕೇಳುವುದು ತಪ್ಪಲ್ಲ. ಹೇಗೆ ಕೇಳುತ್ತೀ ಅನ್ನುವುದು ನೋಡಬೇಕು. ಲೆಕ್ಕದ ಫೋಟೊ ಹಾಕಿ ‘ಬಿಡಿಸು’ ಅಂದರೆ ಅದು ಬಿಡಿಸುತ್ತದೆ, ನೀನು ನಕಲು ಮಾಡುತ್ತೀ, ಪರೀಕ್ಷೆಯ ದಿನ ಅಪ್ಪನ ಫೋನ್ ಅಪ್ಪನ ಹತ್ತಿರ ಇರುತ್ತದೆ. ಅದರ ಬದಲು ನೀನು ಮಾಡಿದಷ್ಟನ್ನು ಬರೆದು, ‘ಉತ್ತರ ಹೇಳಬೇಡ, ಮುಂದಿನ ಒಂದೇ ಹೆಜ್ಜೆ ಹೇಳು’ ಅನ್ನು. ಅಪ್ಪನಿಗೂ ಹೇಳಿಯೇ ಬಳಸು.

ಅದು ಕೊಟ್ಟ ಉತ್ತರವನ್ನೂ ತಾಳೆ ನೋಡು. x² − 5x + 6 ಇದರ ಅಪವರ್ತನ (ಇಲ್ಲಿ ಅಪವರ್ತನ ಸರಿಯಾದ ಪದ!) (x − 2)(x − 3) ಅಂತ ಹೇಳಿದರೆ, ನೀನೇ ಗುಣಿಸಿ ನೋಡು. ಮೈನಸ್ ಎರಡು, ಮೈನಸ್ ಮೂರು ಕೂಡಿದರೆ ಮೈನಸ್ ಐದು, ಗುಣಿಸಿದರೆ ಪ್ಲಸ್ ಆರು. ಸರಿ ಬಂತು. ಬರದಿದ್ದರೆ ತಪ್ಪಿದ್ದು ನೀನೋ ಅದೋ ಅಂತ ಹುಡುಕು.

ಫೋನ್ ಒಂಬತ್ತಕ್ಕೆ ಸಿಗುತ್ತದೆ ಅಂದೆ. ಒಳ್ಳೆಯದೇ ಆಯಿತು, ಏಳಕ್ಕೆ ಕೂತರೆ ಎರಡು ತಾಸು ಸಿಕ್ಕಿತು. ಆ 4ನೇ ಲೆಕ್ಕ ಯಾವುದು ಅಂತ ಬರೆಯುವುದನ್ನೇ ಮರೆತಿದ್ದೀಯ. ಮುಂದಿನ ಪತ್ರದಲ್ಲಿ ಲೆಕ್ಕವನ್ನೂ ಬರೆದು, ನೀನು ಮಾಡಿದ ಹಾಳೆಯನ್ನೂ ಇಡು. ಹೊಸದಾಗಿ ನೀಟಾಗಿ ಬರೆಯಬೇಡ. ಕಾಟು ಹೊಡೆದಿದ್ದೆಲ್ಲ ಹಾಗೇ ಇರಲಿ, ನನಗೆ ಅದೇ ಬೇಕು.